ಮೊದಲ ಗುಂಡು ಯಾರದು?

ಸುಳ್ಳು ಹೇಳುವುದೇ ಆಟವಾಗಿರುವ ಆನ್‌ಲೈನ್ ಶೂಟರ್‌ಗಳಲ್ಲೂ ‘ಅನ್ಯಾಯ’ ಎಂಬ ಕೂಗಿಗೆ ಬರವಿಲ್ಲ. ಆ ಜಗಳಗಳಲ್ಲಿ ಎಷ್ಟೋ ಬಾರಿ ಕೇಳಿಬರುವ ಸಮರ್ಥನೆ ಒಂದೇ: ‘ನಾನು ಹೊಡೆದದ್ದು ಆತ್ಮರಕ್ಷಣೆಗೆ.’

ಹದಿನಾರು ಆಟಗಾರರಿರುವ ಒಂದು ರೌಂಡ್. ನಾಲ್ವರು ಟ್ರೈಟರ್‌ಗಳು, ಅಂದರೆ ದ್ರೋಹಿಗಳು. ಇಬ್ಬರು ಡಿಟೆಕ್ಟಿವ್‌ಗಳು. ಉಳಿದ ಹತ್ತು ಮಂದಿ ಏನೂ ಅರಿಯದ ಇನೋಸೆಂಟ್‌ಗಳು. ದ್ರೋಹಿಗಳಿಗೆ ತಮ್ಮ ಪಕ್ಷದವರು ಯಾರೆಂದು ಗೊತ್ತು. ಡಿಟೆಕ್ಟಿವ್‌ಗಳನ್ನು ಎಲ್ಲರೂ ಗುರುತಿಸಬಲ್ಲರು. ಇನೋಸೆಂಟ್‌ಗೆ ಮಾತ್ರ ಎದುರಿಗೆ ನಿಂತವನು ನಮ್ಮವನೋ ಶತ್ರುವೋ ತಿಳಿಯುವ ದಾರಿಯಿಲ್ಲ. ಬಂದೂಕು ಎಲ್ಲರ ಕೈಯಲ್ಲೂ ಇದೆ.

ಇಂಥ ಆಟದಲ್ಲಿ ಒಬ್ಬ ಇನೋಸೆಂಟ್ ಕಾರಿಡಾರಿನ ತಿರುವಿಗೆ ಬರುತ್ತಾನೆ. ಹಿಂದಿನಿಂದ ಒಂದು ಗುಂಡು ಬಂದು ತಾಗುತ್ತದೆ. ತಿರುಗಿ ನಾಲ್ಕು ಗುಂಡು ಹಾರಿಸುತ್ತಾನೆ, ಹೊಡೆದವನನ್ನು ಕೆಡವುತ್ತಾನೆ. ಹೆಣದ ಹತ್ತಿರ ಹೋಗಿ ನೋಡಿದರೆ ಸತ್ತವನೂ ಇನೋಸೆಂಟ್. ಅಷ್ಟರಲ್ಲಿ ಆ ಕಡೆಯ ಬಾಗಿಲಿನಿಂದ ಮೂರನೆಯವನೊಬ್ಬ ಒಳಗೆ ಬಂದಿದ್ದಾನೆ. ಮೊದಲ ಗುಂಡನ್ನು ಅವನು ಕಂಡಿಲ್ಲ. ಕಂಡದ್ದು ಕೊನೆಯ ನಾಲ್ಕು ಗುಂಡು, ಬಿದ್ದಿರುವ ಒಬ್ಬ ಅಮಾಯಕ, ಅವನ ಪಕ್ಕದಲ್ಲಿ ಬಂದೂಕು ಹಿಡಿದ ಒಬ್ಬ. ಸತ್ತವನ ಮಾತು ಬದುಕಿರುವವರಿಗೆ ಕೇಳಿಸದಂತೆ ಆಟವೇ ತಡೆದಿದೆ. ಈಗ ಆ ಮೂರನೆಯವನು ಏನು ಮಾಡಬೇಕು? ಹೊಡೆದರೆ ಅದು ನ್ಯಾಯವೋ, ಕೊಲೆಯೋ?

ಈ ಪ್ರಶ್ನೆಯನ್ನು ದಿನಕ್ಕೆ ಹತ್ತಾರು ಸಲ ಎದುರಿಸಿದ ಆಟದ ಹೆಸರು ‘ಟ್ರಬಲ್ ಇನ್ ಟೆರರಿಸ್ಟ್ ಟೌನ್’. ಆಡುವವರ ಬಾಯಲ್ಲಿ ಟಿಟಿಟಿ. ಬ್ರಿಟನ್ನಿನ ಗ್ಯಾರಿ ನ್ಯೂಮನ್ 2004ರಲ್ಲಿ ‘ಹಾಫ್-ಲೈಫ್ 2’ ಆಟಕ್ಕೆ ಮಾಡಿದ ಮಾರ್ಪಾಟು ‘ಗ್ಯಾರಿಸ್ ಮಾಡ್’ ಎಂದು ಹೆಸರಾಗಿ, 2006ರಲ್ಲಿ ಸ್ಟೀಮ್‌ನಲ್ಲಿ ಸ್ವತಂತ್ರವಾಗಿ ಮಾರಾಟಕ್ಕೆ ಬಂತು. ಯಾರು ಏನು ಬೇಕಾದರೂ ಕಟ್ಟಿಕೊಳ್ಳಬಹುದಾದ ಆ ಬಯಲಿನಲ್ಲಿ, ಬ್ಯಾಡ್ ಕಿಂಗ್ ಅರ್ಗ್ರೇನ್ ಎಂಬ ಅಡ್ಡಹೆಸರಿನ ಒಬ್ಬ ಪ್ರೋಗ್ರಾಮರ್ ಕಟ್ಟಿದ್ದು ಟಿಟಿಟಿ. 2010ರಲ್ಲಿ ಅದು ಗ್ಯಾರಿಸ್ ಮಾಡ್‌ನ ಭಾಗವೇ ಆಯಿತು. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಆಟಗಾರರ ಗೊಂಬೆಗಳನ್ನು ‘ಕೌಂಟರ್-ಸ್ಟ್ರೈಕ್’ನ ಭಯೋತ್ಪಾದಕ ಪಾತ್ರಗಳಿಂದ ಎರವಲು ತಂದದ್ದರಿಂದ ಆ ಹೆಸರು ಅಂಟಿಕೊಂಡಿತೇ ಹೊರತು ಆಟದಲ್ಲಿ ರಾಜಕೀಯವೇನಿಲ್ಲ.

ಮತ ಹಾಕುವ ಕೈಗೆ ಬಂದೂಕು

ಗುಂಪಿನಲ್ಲಿ ಅಡಗಿರುವ ಶತ್ರುವನ್ನು ಮಾತಿನಿಂದ ಪತ್ತೆ ಹಚ್ಚುವ ಆಟಗಳ ಕುಟುಂಬ ದೊಡ್ಡದು. ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಚೀಟಿ ಎತ್ತಿ ಆಡುವ ರಾಜ-ರಾಣಿ-ಕಳ್ಳ-ಪೊಲೀಸ್ ಕೂಡ ಅದರದೇ ದೂರದ ನೆಂಟ: ಪೊಲೀಸಾದವನು ಮುಖ ನೋಡಿ ಕಳ್ಳನನ್ನು ಹೇಳಬೇಕು, ತಪ್ಪಿದರೆ ಅಂಕ ಕಳೆದುಕೊಳ್ಳಬೇಕು. ಈಗಿನ ಆಟಗಳ ಮೂಲಪುರುಷ ‘ಮಾಫಿಯಾ’. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ಡಿಮಿಟ್ರಿ ಡೇವಿಡಾಫ್ ಅದನ್ನು 1986ರಲ್ಲಿ ರೂಪಿಸಿದರು. ತಿಳಿದವರ ಸಣ್ಣ ಗುಂಪು, ತಿಳಿಯದವರ ದೊಡ್ಡ ಗುಂಪು: ಇಷ್ಟೇ ಅದರ ಬೀಜ. 1997ರಲ್ಲಿ ಅಮೆರಿಕದ ಆಂಡ್ರ್ಯೂ ಪ್ಲಾಟ್‌ಕಿನ್ ಮಾಫಿಯಾ ಮಂದಿಯ ಜಾಗಕ್ಕೆ ನರತೋಳಗಳನ್ನು ತಂದು ‘ವೇರ್‌ವುಲ್ಫ್’ ಮಾಡಿದರು. 2018ರಲ್ಲಿ ಬಂದ ‘ಅಮಾಂಗ್ ಅಸ್’ 2020ರ ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನ ಹುಡುಗರ ಫೋನಿಗೂ ಬಂತು.

ಮಾಫಿಯಾದಿಂದ ಅಮಾಂಗ್ ಅಸ್‌ವರೆಗಿನ ಈ ಆಟಗಳಲ್ಲೆಲ್ಲ ಒಂದು ಸಮಾನ ವ್ಯವಸ್ಥೆ ಇದೆ. ಕೊಲ್ಲುವ ಶಕ್ತಿ ಇರುವುದು ದುಷ್ಟರಿಗೆ. ಒಳ್ಳೆಯವರ ಬಳಿ ಇರುವುದು ಸಭೆ ಮತ್ತು ಮತ. ತಪ್ಪು ಮಾಡಿದರೂ ಊರೆಲ್ಲ ಸೇರಿ ಮಾಡಿದ ತಪ್ಪು. ಅಮಾಂಗ್ ಅಸ್‌ನಲ್ಲಿ ನಿರಪರಾಧಿಯನ್ನು ಹಡಗಿನಿಂದ ಹೊರಗೆ ತಳ್ಳಿದರೆ ಎಲ್ಲರೂ ಒಮ್ಮೆ ನಕ್ಕು ಮುಂದಕ್ಕೆ ಹೋಗುತ್ತಾರೆ. ಯಾರನ್ನೂ ಬೆಟ್ಟು ಮಾಡಿ ‘ನೀನು ಕೊಂದೆ’ ಎನ್ನಲಾಗುವುದಿಲ್ಲ.

ಟಿಟಿಟಿ ಈ ಏರ್ಪಾಡನ್ನೇ ಕಿತ್ತುಹಾಕಿತು. ಇಲ್ಲಿ ಸಭೆ ಇಲ್ಲ, ಮತದಾನ ಇಲ್ಲ, ಚರ್ಚೆಗೆಂದು ಗಡಿಯಾರ ನಿಲ್ಲುವುದಿಲ್ಲ. ಪ್ರತಿಯೊಬ್ಬನೂ ತಾನೇ ಪೊಲೀಸ್, ತಾನೇ ನ್ಯಾಯಾಧೀಶ, ತಾನೇ ಗಲ್ಲಿಗೇರಿಸುವವನು. ಹಿಡಿದು ಕೂಡಿಹಾಕಲು ಜೈಲಿಲ್ಲ, ಕೈಕಟ್ಟಲು ಬೇಡಿಯಿಲ್ಲ. ಕೆಲವು ಮ್ಯಾಪ್‌ಗಳಲ್ಲಿ ಮಾತ್ರ ‘ಟೆಸ್ಟರ್’ ಎಂಬ ಕೋಣೆ ಇರುತ್ತದೆ. ಒಳಗೆ ನಿಂತವನು ದ್ರೋಹಿಯಾಗಿದ್ದರೆ ದೀಪ ಹತ್ತುತ್ತದೆ. ಉಳಿದೆಡೆ ಅನುಮಾನ ಬಂದರೆ ಎರಡೇ ದಾರಿ: ಬಿಡಬೇಕು, ಇಲ್ಲ ಕೊಲ್ಲಬೇಕು. ಆತ್ಮರಕ್ಷಣೆಯ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ. ಮಾಫಿಯಾದಲ್ಲಿ ಅದಕ್ಕೆ ಅರ್ಥವೇ ಇರಲಿಲ್ಲ.

ಯಂತ್ರದ ಖಾತೆ ಪುಸ್ತಕ

ಕಾರಣವಿಲ್ಲದೆ ಸಿಕ್ಕಸಿಕ್ಕವರಿಗೆ ಗುಂಡು ಹಾರಿಸುವುದಕ್ಕೆ ಆಟಗಾರರು ಇಟ್ಟ ಹೆಸರು ಆರ್‌ಡಿಎಂ, ರ್‍ಯಾಂಡಮ್ ಡೆತ್‌ಮ್ಯಾಚ್. ಟಿಟಿಟಿಯ ದೊಡ್ಡ ಪೀಡೆ ಇದು. ಒಬ್ಬ ಕಿಡಿಗೇಡಿ ಸಾಕು, ಇಡೀ ರೌಂಡ್ ಹಾಳು. ಅದನ್ನು ತಡೆಯಲು ನಿರ್ಮಾತೃ ಆಟದೊಳಗೇ ‘ಕರ್ಮ’ ಎಂಬ ಖಾತೆ ತೆರೆದ.

ಎಲ್ಲರೂ 1000 ಅಂಕದಿಂದ ಶುರುಮಾಡುತ್ತಾರೆ. ತನ್ನ ಪಕ್ಷದವನಿಗೆ ಗಾಯ ಮಾಡಿದರೆ ಗಾಯದಷ್ಟೇ ಅಂಕ ಕಡಿತ, ಕೊಂದರೆ ಮೇಲೆ ದಂಡ. ಮೂಲ ಲೆಕ್ಕದಂತೆ, ಪೂರ್ಣ ಆರೋಗ್ಯ ಮತ್ತು ಪೂರ್ಣ ಕರ್ಮ ಇರುವ ಇನೋಸೆಂಟ್ ಒಬ್ಬನನ್ನು ಇನ್ನೊಬ್ಬ ಇನೋಸೆಂಟ್ ಪೂರ್ತಿ ತಾನೇ ಹೊಡೆದು ಕೊಂದರೆ 115 ಅಂಕ ಹೋಗುತ್ತದೆ. ತಮ್ಮವರಿಗೆ ಗೀರೂ ಆಗದಂತೆ ಆಡಿದ ರೌಂಡಿಗೆ 35 ಅಂಕ ಮರಳುತ್ತದೆ. ಎಂದರೆ ಒಂದು ತಪ್ಪು ಕೊಲೆಯನ್ನು ತೊಳೆದುಕೊಳ್ಳಲು ಸುಮಾರು ನಾಲ್ಕು ರೌಂಡ್ ಮೈಯೆಲ್ಲ ಕಣ್ಣಾಗಿ ಆಡಬೇಕು. ಕರ್ಮ ಇಳಿದಂತೆ ಬಂದೂಕಿನ ಏಟೂ ದುರ್ಬಲವಾಗುತ್ತದೆ. 450ಕ್ಕಿಂತ ಕೆಳಗಿಳಿದರೆ ಸರ್ವರ್ ಆಟಗಾರನನ್ನು ಆಚೆ ಹಾಕುತ್ತದೆ. ಕೆಟ್ಟ ಕರ್ಮದವನನ್ನು ಕೊಂದರೆ ದಂಡವೂ ಕಡಿಮೆ. ಈ ಸಂಖ್ಯೆಗಳನ್ನೆಲ್ಲ ಸರ್ವರ್ ನಡೆಸುವವರು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು.

ಇದರಲ್ಲಿ ಒಂದು ಜಾಣ್ಮೆಯ ಕುಸುರಿ ಇದೆ. ಎಲ್ಲರಿಗೂ ಕಾಣುವ ಕರ್ಮದ ಅಂಕ ರೌಂಡ್ ಮುಗಿಯುವವರೆಗೆ ಬದಲಾಗುವುದಿಲ್ಲ. ಹಾಗೆ ಬದಲಾಗುತ್ತಿದ್ದರೆ ಅನುಮಾನ ಬಂದವನ ಕಾಲಿಗೊಂದು ಗುಂಡು ಹೊಡೆದು ತನ್ನ ಅಂಕ ನೋಡಿಕೊಂಡರೆ ಸಾಕಿತ್ತು: ಇಳಿದರೆ ಅವನು ಅಮಾಯಕ, ಇಳಿಯದಿದ್ದರೆ ದ್ರೋಹಿ. ನ್ಯಾಯದ ತಕ್ಕಡಿಯೇ ಆಟದ ಗುಟ್ಟನ್ನು ಬಿಟ್ಟುಕೊಡುತ್ತಿತ್ತು. ಲೆಕ್ಕ ಒಳಗೊಳಗೇ ನಡೆದು, ತೀರ್ಪು ಕೊನೆಗೆ ಹೊರಬೀಳುವಂತೆ ಮಾಡಿದ್ದರಿಂದ ಗುಟ್ಟು ಉಳಿಯಿತು.

ಆದರೆ ಈ ಖಾತೆಗೆ ಕಣ್ಣಿಲ್ಲ. ಅದು ನೋಡುವುದು ಹೊಡೆದವನ ಪಕ್ಷ, ಹೊಡೆಸಿಕೊಂಡವನ ಪಕ್ಷ, ಆದ ಗಾಯ, ಇಷ್ಟನ್ನೇ. ಯಾರು ಮೊದಲು ಹೊಡೆದರು, ಯಾಕೆ ಹೊಡೆದರು ಎಂಬ ಕಾಲಮ್ಮೇ ಅದರಲ್ಲಿಲ್ಲ. ಕಾರಿಡಾರಿನಲ್ಲಿ ಬೆನ್ನಿಗೆ ಗುಂಡು ತಿಂದು ತಿರುಗಿ ಹೊಡೆದವನಿಗೆ ಕೊಲೆಯ ಪೂರ್ತಿ ದಂಡ ಬೀಳುತ್ತದೆ. ಜಗಳ ಶುರುಮಾಡಿ ಸತ್ತವನು ತಾನು ಮಾಡಿದ ಸಣ್ಣ ಗಾಯದಷ್ಟೇ ಅಂಕ ಕಳೆದುಕೊಂಡು ಪಾರಾಗುತ್ತಾನೆ. ಆತ್ಮರಕ್ಷಣೆ ಎಂಬುದು ಯಂತ್ರದ ನಿಘಂಟಿನಲ್ಲಿಲ್ಲದ ಕಾರಣ ಅದನ್ನು ಮನುಷ್ಯರೇ ಬರೆಯಬೇಕಾಯಿತು.

ಬರೆದುಕೊಂಡ ಕಟ್ಟಳೆಗಳು

ಟಿಟಿಟಿ ಸರ್ವರ್‌ಗಳನ್ನು ನಡೆಸುವವರು ಯಾವುದೋ ಕಂಪನಿಯವರಲ್ಲ, ಆಟದ ಹುಚ್ಚಿರುವ ಗುಂಪುಗಳು. ಬಾಡಿಗೆಯ ಯಂತ್ರ, ಸಂಬಳವಿಲ್ಲದ ಅಡ್ಮಿನ್‌ಗಳು, ಒಳಗೆ ಕಾಲಿಟ್ಟ ಕೂಡಲೇ ಎದುರಾಗುವ ನಿಯಮಗಳ ಪಟ್ಟಿ. ಒಂದೊಂದು ಸರ್ವರಿನ ಪಟ್ಟಿ ಒಂದೊಂದು ಬಗೆ. ಆದರೂ ತಿರುಳು ಹೆಚ್ಚು ಕಡಿಮೆ ಒಂದೇ.

ನಿನ್ನ ಮೇಲೆ ಯಾರಾದರೂ ಗುಂಡು ಹಾರಿಸಿದರೆ ತಿರುಗಿ ಹೊಡೆಯಬಹುದು. ನಿನ್ನ ಕಣ್ಣೆದುರು ಅಮಾಯಕನನ್ನೋ ಡಿಟೆಕ್ಟಿವ್‌ನನ್ನೋ ಹೊಡೆದವನನ್ನೂ ಹೊಡೆಯಬಹುದು. ಸಿ4 ಬಾಂಬ್ ಇಟ್ಟವನು, ದ್ರೋಹಿಗಳಿಗೆ ಮಾತ್ರ ಸಿಗುವ ಚಾಕು ಹಿಡಿದವನು, ಗುರುತು ಹಚ್ಚದ ಹೆಣ ಕಂಡೂ ಸುಮ್ಮನೆ ದಾಟಿ ಹೋದವನು ದ್ರೋಹದ ಕೆಲಸ ಮಾಡಿದಂತೆ. ಹೀಗೆ ಕಂಡದ್ದನ್ನು ಮೈಕಿನಲ್ಲಿ ಕೂಗಿ ‘ಕೆಒಎಸ್’ ಘೋಷಿಸಬಹುದು, ಅಂದರೆ ಕಂಡಲ್ಲಿ ಹೊಡೆಯಿರಿ ಎಂಬ ಕರೆ. ಕರೆ ತಪ್ಪಾಗಿದ್ದರೆ ಹೊಣೆ ಕರೆ ಕೊಟ್ಟವನದು, ನಂಬಿ ಹೊಡೆದವನದಲ್ಲ. ಹಿಂದಿನ ರೌಂಡಿನಲ್ಲಿ ಕೊಂದ ಎಂಬ ಸಿಟ್ಟಿಗೆ ಈ ರೌಂಡಿನಲ್ಲಿ ಹೊಡೆಯುವಂತಿಲ್ಲ. ಪಾತ್ರಗಳು ಹೊಸದಾಗಿ ಹಂಚಿಕೆಯಾಗಿವೆ, ಹಳೆಯ ದ್ವೇಷಕ್ಕೆ ಇಲ್ಲಿ ಜಾಗವಿಲ್ಲ. ಬೇಕೆಂದೇ ದ್ರೋಹಿಯಂತೆ ನಟಿಸಿ ಗುಂಡು ತಿಂದವನು ಆಮೇಲೆ ದೂರುವಂತಿಲ್ಲ.

ಸುಲಭವಾಗಿ ಕಾಣುವ ಈ ಕಟ್ಟಳೆಗಳು ತೊಡಕಾಗುವುದು ‘ಗುಂಡು ಹಾರಿಸಿದರೆ’ ಎಂಬಲ್ಲಿ. ತಾಗಬೇಕೇ, ಪಕ್ಕದಲ್ಲಿ ಹಾರಿ ಹೋದರೂ ಸಾಕೇ? ನಾಲ್ವರ ನಡುವೆ ನಡೆದ ಕಾಳಗದಲ್ಲಿ ದಾರಿ ತಪ್ಪಿ ಬಂದ ಗುಂಡು ನಿನ್ನ ಮೇಲಿನ ದಾಳಿಯೇ? ಬಂದೂಕು ನಿನ್ನ ತಲೆಗೆ ಗುರಿಯಿಟ್ಟು ಸುಮ್ಮನೆ ಹಿಂಬಾಲಿಸುವವನ ಕತೆ ಏನು? ‘ಗುಂಡು ಬೀಳುವ ತನಕ ಕಾಯಬೇಕು’ ಎಂದರೆ ಅದು ದ್ರೋಹಿಗೆ ಕೊಟ್ಟ ವರ. ರೈಫಲ್ಲಿನ ಒಂದೇ ಏಟು ತಲೆಗೆ ಬಿದ್ದರೆ ಕಾದವನು ಹೆಣವಾಗಿರುತ್ತಾನೆ, ಅವನ ಆತ್ಮರಕ್ಷಣೆಯ ಹಕ್ಕು ಅವನ ಜತೆಗೇ ಹೂತುಹೋಗುತ್ತದೆ. ‘ಹೆದರಿಕೆಯಾದರೆ ಹೊಡೆಯಬಹುದು’ ಎಂದರೆ ಹೆದರಿಕೆಯ ಹೆಸರಿನಲ್ಲಿ ಆರ್‌ಡಿಎಂ ಮರಳಿ ಬರುತ್ತದೆ. ಅದಕ್ಕೇ ಹಲವು ಕಡೆ ನಡುದಾರಿ ಹಿಡಿದಿದ್ದಾರೆ: ಮೊದಲು ಗಟ್ಟಿಯಾಗಿ ಎಚ್ಚರಿಸು, ‘ಹಿಂದೆ ಬರಬೇಡ, ದೂರ ನಿಲ್ಲು’ ಎನ್ನು, ಕೇಳದಿದ್ದರೆ ಹೊಡಿ.

ಕಾನೂನಿನ ಪುಸ್ತಕ ಬಲ್ಲವರಿಗೆ ಈ ಚರ್ಚೆ ಹೊಸದೆನಿಸದು. ಖಾಸಗಿ ರಕ್ಷಣೆಯ ಹಕ್ಕು 1860ರ ಭಾರತೀಯ ದಂಡ ಸಂಹಿತೆಯ 96ರಿಂದ 106ನೇ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗೆ ಇದೆ. ಏಟು ಬೀಳುವ ತನಕ ಕಾಯಬೇಕೆಂದು ಅದೂ ಹೇಳುವುದಿಲ್ಲ. ಅಪಾಯದ ಸಕಾರಣ ಭೀತಿ ಹುಟ್ಟಿದ ಗಳಿಗೆಯಿಂದ ಹಕ್ಕು ಶುರು, ಆ ಭೀತಿ ಇರುವ ತನಕ ಮಾತ್ರ ಹಕ್ಕು. ಅಧಿಕಾರಿಗಳ ಮೊರೆ ಹೋಗಲು ಸಮಯವಿದ್ದರೆ ಹಕ್ಕಿಲ್ಲ. ಅಗತ್ಯಕ್ಕಿಂತ ಹೆಚ್ಚು ಕೇಡು ಮಾಡುವಂತಿಲ್ಲ. ನಮ್ಮ ಕಾರಿಡಾರಿನ ಪ್ರಸಂಗಕ್ಕೂ ಒಂದು ಕಲಮು ಒದಗುತ್ತದೆ: ಎದುರಿನವನು ತಪ್ಪು ತಿಳಿವಳಿಕೆಯಿಂದ ದಾಳಿ ಮಾಡಿದ್ದರೂ, ಅಂದರೆ ಅವನ ಪಾಲಿಗೆ ಅದು ಅಪರಾಧವೇ ಅಲ್ಲದಿದ್ದರೂ, ದಾಳಿಗೆ ಒಳಗಾದವನ ರಕ್ಷಣೆಯ ಹಕ್ಕು ಕುಂದುವುದಿಲ್ಲ. ಇಬ್ಬರೂ ನಿರ್ದೋಷಿಗಳಾಗಿದ್ದು ಒಬ್ಬ ಸಾಯಬಹುದು ಎಂಬುದನ್ನು ಕಾನೂನು ಒಪ್ಪಿಕೊಂಡಿದೆ. ಒಪ್ಪಿಕೊಳ್ಳಲು ತಿಣುಕುವವರು ಆಟಗಾರರೇ. ಸತ್ತವನಿಗೆ ಯಾರಾದರೂ ತಪ್ಪಿತಸ್ಥ ಬೇಕು.

ಇನ್ನೂರು ಮಿಲಿಸೆಕೆಂಡ್‌ಗಳ ಅಂತರ

ಬೆಂಗಳೂರಿನಲ್ಲೊಬ್ಬ, ಮಂಗಳೂರಿನಲ್ಲೊಬ್ಬ, ಜರ್ಮನಿಯಲ್ಲೊಬ್ಬ, ಹೀಗೆ ಚದುರಿದ ಗೆಳೆಯರ ಗುಂಪೊಂದು ರಾತ್ರಿ ಯುರೋಪಿನ ಸರ್ವರಿನಲ್ಲಿ ಆಡುತ್ತಿದೆ ಎಂದುಕೊಳ್ಳಿ.

“ಯಾಕೋ ಮಗಾ ಅವ್ನಿಗೆ ಹೊಡ್ದೆ?”

“ಅವ್ನೇ ಫಸ್ಟು ಹೊಡ್ದಿದ್ದು ಗುರು! ನನ್ ಮೇಲೆ ಕರ್ಸರ್ ಇಟ್ಟು ನೋಡು, ಎಷ್ಟು ಗಾಯ ಆಗಿದೆ.”

ಇದು ಸುಮ್ಮನೆ ಆಡಿದ ಮಾತಲ್ಲ. ಟಿಟಿಟಿಯಲ್ಲಿ ಯಾರ ಮೇಲೆ ಗುರಿಯಿಟ್ಟು ನೋಡಿದರೂ ಅವನು ಆರೋಗ್ಯವಾಗಿದ್ದಾನೋ, ಗಾಯಗೊಂಡಿದ್ದಾನೋ, ಸಾಯುವ ಹಂತದಲ್ಲಿದ್ದಾನೋ ಎಂಬ ಬರಹ ಕಾಣುತ್ತದೆ. ಮೈಮೇಲಿನ ಗಾಯವೇ ಸಾಕ್ಷಿ. ಗಾಯ ಈಗಿನದೋ ಐದು ನಿಮಿಷ ಹಿಂದಿನದೋ ಎಂಬುದನ್ನು ಮಾತ್ರ ಆ ಬರಹ ಹೇಳುವುದಿಲ್ಲ.

‘ಫಸ್ಟು’ ಎಂಬುದು ಇನ್ನೂ ಜಟಿಲ. ಹಾಫ್-ಲೈಫ್ 2ರ ಸೋರ್ಸ್ ಎಂಜಿನ್ನಿನಲ್ಲಿ ಆಟಗಾರನ ಪರದೆ ತೋರಿಸುವುದು ಉಳಿದವರ ಈಗಿನ ಜಾಗವನ್ನಲ್ಲ. ಸಾಮಾನ್ಯವಾಗಿ 100 ಮಿಲಿಸೆಕೆಂಡ್ ಹಿಂದಿನ ಜಾಗವನ್ನು, ಜತೆಗೆ ಸಂಪರ್ಕದ ತಡವೂ ಸೇರಿರುತ್ತದೆ. ಗುಂಡು ಹಾರಿದ ಸುದ್ದಿ ಸರ್ವರಿಗೆ ತಲುಪಿದಾಗ ಅದು ಕಾಲವನ್ನು ತುಸು ಹಿಂದಕ್ಕೆ ತಿರುಗಿಸಿ, ಹೊಡೆದವನ ಪರದೆಯಲ್ಲಿ ಗುರಿ ಎಲ್ಲಿ ಕಂಡಿತ್ತೋ ಅಲ್ಲಿಟ್ಟು ತಾಗಿತೇ ಎಂದು ಪರೀಕ್ಷಿಸುತ್ತದೆ. ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರ ಪ್ರಬಂಧವೊಂದರಲ್ಲಿ ಈ ಉಪಾಯವನ್ನೂ ಅದರ ಬೆಲೆಯನ್ನೂ ಬಿಡಿಸಿಟ್ಟಿದ್ದಾರೆ. ಬೆಲೆ ಏನೆಂದರೆ, ಗೋಡೆಯ ಮರೆಗೆ ಸೇರಿಕೊಂಡೆ ಎಂದು ನಿಮ್ಮ ಪರದೆ ಹೇಳುತ್ತಿರುವಾಗಲೇ ನೀವು ಸಾಯಬಹುದು.

ಸರ್ವರಿನ ದಾಖಲೆ ಬರೆದುಕೊಳ್ಳುವುದು ಸುದ್ದಿ ಬಂದು ಮುಟ್ಟಿದ ಕ್ರಮದಲ್ಲಿ. 30 ಮಿಲಿಸೆಕೆಂಡ್ ದೂರದ ಜರ್ಮನಿಯವನೂ 200 ಮಿಲಿಸೆಕೆಂಡ್ ದೂರದ ಬೆಂಗಳೂರಿನವನೂ ಒಂದೇ ಗಳಿಗೆಯಲ್ಲಿ ಗುಂಡಿ ಒತ್ತಿದರೆ ಜರ್ಮನಿಯವನೇ ಮೊದಲಿಗ. ಬೆಂಗಳೂರಿನವನು ಕೂದಲೆಳೆಯಷ್ಟು ಮುಂಚೆ ಹೊಡೆದಿದ್ದರೂ ದಾಖಲೆಯಲ್ಲಿ ಅವನು ತಿರುಗಿ ಹೊಡೆದವನು. ಇಬ್ಬರಿಗೂ ಮೊದಲು ಹಾರಿದಂತೆ ಕಾಣುವುದು ತಮ್ಮ ತಮ್ಮ ಗುಂಡೇ, ಅವರವರ ಪರದೆಯ ಮಟ್ಟಿಗೆ ಎರಡೂ ನಿಜವೇ. ಇದನ್ನರಿತ ಅಡ್ಮಿನ್‌ಗಳು ಮೊದಲ ಗುಂಡಿನ ಹೊತ್ತಿಗಿಂತ ಅದಕ್ಕೂ ಮುಂಚಿನ ಹತ್ತು ಸೆಕೆಂಡಿನಲ್ಲಿ ಯಾರು ಏನು ಮಾಡುತ್ತಿದ್ದರು ಎಂಬುದಕ್ಕೆ ಬೆಲೆ ಕೊಡುತ್ತಾರೆ.

ವಿಚಾರಣೆ

ದೂರು ನಡೆಯುವ ಬಗೆಯೂ ಒಂದು ರೂಢಿಗೆ ಬಂದಿದೆ. ಸತ್ತವನು ದೂರು ಬರೆಯುತ್ತಾನೆ. ಕೊಂದವನಿಗೆ ತನ್ನ ಕಾರಣ ಹೇಳುವ ಅವಕಾಶ. ಸತ್ತವನಿಗೆ ಒಪ್ಪಿಗೆಯಾದರೆ ಕ್ಷಮಿಸಬಹುದು. ಎಷ್ಟೋ ಜಗಳ ಅಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ಅಡ್ಮಿನ್ ಡ್ಯಾಮೇಜ್ ಲಾಗ್ ತೆರೆಯುತ್ತಾನೆ. ಯಾರು ಯಾರಿಗೆ ಎಷ್ಟು ಹೊತ್ತಿಗೆ ಎಷ್ಟು ಗಾಯ ಮಾಡಿದರು ಎಂಬ ಪಟ್ಟಿ ಅದು. ತಾನೂ ಆ ರೌಂಡಿನಲ್ಲಿ ಬದುಕಿದ್ದು ಆಡುತ್ತಿರುವ ಅಡ್ಮಿನ್ ಅದನ್ನು ಆಗಲೇ ತೆರೆದರೆ ಗುಟ್ಟೆಲ್ಲ ಅವನಿಗೆ ರಟ್ಟಾಗುವುದರಿಂದ ರೌಂಡ್ ಮುಗಿಯುವ ತನಕ ಕಾಯುವುದು ಮರ್ಯಾದೆ. ಆರ್‌ಡಿಎಂ ಸಾಬೀತಾದರೆ ಸಾಮಾನ್ಯ ಶಿಕ್ಷೆ ‘ಸ್ಲೇ’: ಮುಂದಿನ ರೌಂಡ್ ಶುರುವಾದ ಕೂಡಲೇ ಸಾವು, ಆ ರೌಂಡ್ ಪೂರ್ತಿ ನೋಡುತ್ತ ಕೂರಬೇಕು. ಪದೇ ಪದೇ ಮಾಡಿದರೆ ಬ್ಯಾನ್.

ಬೇರೆಡೆಯೂ ಆಟಗಾರರೇ ತೀರ್ಪುಗಾರರಾದದ್ದುಂಟು: ಕೌಂಟರ್-ಸ್ಟ್ರೈಕ್‌ಗೆ ವಾಲ್ವ್ 2013ರಲ್ಲಿ ‘ಓವರ್‌ವಾಚ್’ ಎಂಬ ಪದ್ಧತಿ ತಂದಿತ್ತು. ಅನುಭವಿ ಆಟಗಾರರು ಆರೋಪಿಯ ಹೆಸರು ಮುಚ್ಚಿದ ರೆಕಾರ್ಡಿಂಗ್ ನೋಡಿ, ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿದೆಯೇ ಎಂದು ತೀರ್ಪು ಕೊಡುತ್ತಿದ್ದರು. ಅಲ್ಲಿ ನೋಡಬೇಕಾದದ್ದು ಮೋಸದ ತಂತ್ರಾಂಶವೋ ಕೈಚಳಕವೋ ಎಂಬಂಥ ಪ್ರಶ್ನೆ. ಉತ್ತರ ರೆಕಾರ್ಡಿಂಗಿನೊಳಗೇ ಇರುತ್ತದೆ. ಟಿಟಿಟಿಯಲ್ಲಿ ಕೇಳಬೇಕಾದದ್ದು ‘ಆ ಗಳಿಗೆಯಲ್ಲಿ ಅವನಿಗೆ ಏನು ಕಂಡಿತ್ತು, ಏನು ಕೇಳಿಸಿತ್ತು’ ಎಂದು. ಕಾರಿಡಾರಿನ ಆ ಮೂರನೆಯವನ ಪರವಾಗಿ ಡ್ಯಾಮೇಜ್ ಲಾಗ್ ಏನನ್ನೂ ಹೇಳದು. ಅವನು ಬಾಗಿಲಿಗೆ ಬಂದಾಗ ಎರಡನೆಯ ಗುಂಡಿನಿಂದ ಮುಂದಷ್ಟೇ ನೋಡಿದ್ದ ಎಂಬುದನ್ನು ಅವನೇ ಬಾಯಿಬಿಟ್ಟು ಹೇಳಬೇಕು. ಹೀಗಾಗಿ ಮಾತುಗಾರನಿಗೆ ಇಲ್ಲಿ ಅನುಕೂಲ ಹೆಚ್ಚು. ಪರಊರಿನ ಸರ್ವರಿನಲ್ಲಿ ಇಂಗ್ಲಿಷ್ ತಡವರಿಸುವ ಹುಡುಗ ‘ಅವನೇ ಮೊದಲು’ ಎಂದು ವಾಕ್ಯ ಕಟ್ಟುವಷ್ಟರಲ್ಲಿ ಅವನ ಮೇಲೆ ಕೆಒಎಸ್ ಬಿದ್ದಾಗಿರುತ್ತದೆ. ಆಟದೊಳಗಿನ ಅನ್ಯಾಯಗಳಲ್ಲಿ ಯಾವ ನಿಯಮಪಟ್ಟಿಯೂ ಮುಟ್ಟದ ಅನ್ಯಾಯ ಇದು.

ನಿಯಮವೇ ಸುಳಿವಾದಾಗ

ಪ್ರತಿ ಜಗಳಕ್ಕೊಂದು ಉಪನಿಯಮ ಸೇರಿಸುತ್ತ ಹೋದ ಸರ್ವರ್‌ಗಳಿಗೆ ಇನ್ನೊಂದು ರೋಗ ಅಂಟುತ್ತದೆ. ಶಿಕ್ಷೆಯ ಹೆದರಿಕೆ ಇರುವುದು ಇನೋಸೆಂಟ್‌ಗೆ. ದ್ರೋಹಿಗೆ ಕೊಲ್ಲುವುದೇ ಕೆಲಸ. ಹಾಗಾಗಿ ‘ಕಾರಣವಿಲ್ಲದೆ ಹೊಡೆದನೆಂದರೆ ಅವನು ದ್ರೋಹಿಯೇ ಇರಬೇಕು, ಇನೋಸೆಂಟ್ ಆಗಿದ್ದರೆ ಸ್ಲೇ ಆಗುವ ಭಯಕ್ಕೆ ಹೊಡೆಯುತ್ತಿರಲಿಲ್ಲ’ ಎಂಬ ತರ್ಕ ಹುಟ್ಟುತ್ತದೆ. ದ್ರೋಹಿಯೂ ಪಟ್ಟಿಯನ್ನು ಬಾಯಿಪಾಠ ಮಾಡಿರುತ್ತಾನೆ. ಎಷ್ಟು ಹತ್ತಿರ ನಿಂತರೆ, ಎಷ್ಟು ಹೊತ್ತು ಗುರಿಯಿಟ್ಟರೆ ಎದುರಿನವನು ಹೊಡೆಯುವಂತಿಲ್ಲ ಎಂಬುದು ಅವನಿಗೆ ಗೊತ್ತು. ಆ ಗೆರೆಯ ಅಂಚಿನಲ್ಲೇ ನಿಂತು ಕಾಯುತ್ತಾನೆ. ಆಟಗಾರರು ಎದುರಿನವನ ಮುಖ, ದನಿ, ನಡೆ ಗಮನಿಸುವುದನ್ನು ಬಿಟ್ಟು ನಿಯಮದ ಕಲಮುಗಳನ್ನು ಆಡತೊಡಗುತ್ತಾರೆ. ಕರ್ಮದ ಅಂಕವನ್ನು ರೌಂಡಿನ ಕೊನೆಯವರೆಗೆ ಮುಚ್ಚಿಟ್ಟ ನಿರ್ಮಾತೃ ತಪ್ಪಿಸಿದ ಅಪಾಯವನ್ನೇ ಇವರು ಹಿಂಬಾಗಿಲಿನಿಂದ ಕರೆತಂದಂತಾಯಿತು.

ಹಾಗೆಂದು ನಿಯಮವೇ ಬೇಡವೆಂದರೆ ಕಿಡಿಗೇಡಿಗಳ ರಾಜ್ಯ. ಈ ಆಟಗಳಲ್ಲಿ ಪ್ರಾಮಾಣಿಕತೆ ಕೇಳುವುದು ಮೂರ್ಖತನ. ದ್ರೋಹಿ ಸುಳ್ಳು ಹೇಳಲೇಬೇಕು. ‘ಆತ್ಮರಕ್ಷಣೆಗೆ ಹೊಡೆದೆ’ ಎಂಬ ಸುಳ್ಳೂ ಅವನ ಆಯುಧಗಳಲ್ಲೊಂದು. ಚೆನ್ನಾಗಿ ಹೇಳಿದರೆ ಅದು ಆಟದ ಸೊಗಸು. ಕೇಳಬಹುದಾದದ್ದು ಬೇರೆ: ಹೊಡೆದ ಪ್ರತಿಯೊಬ್ಬ ಇನೋಸೆಂಟ್‌ನ ಬಳಿ, ಬೇರೆಯವರ ಮುಂದೆ ಇಡಬಹುದಾದ ಒಂದು ಕಾರಣ ಇರಬೇಕು. ಅದು ಈ ರೌಂಡಿನಲ್ಲಿ ತಾನು ಕಂಡ ಅಥವಾ ಕೇಳಿದ ಸಂಗತಿಯಾಗಿರಬೇಕು. ಎಚ್ಚರಿಸಲು ಸಮಯವಿದ್ದಲ್ಲಿ ಎಚ್ಚರಿಸಿರಬೇಕು. ಇಷ್ಟಿದ್ದೂ ಊಹೆ ತಪ್ಪಾಗಿ ಅಮಾಯಕ ಸತ್ತರೆ ಅದು ಆಟದ ಭಾಗ. ಯಂತ್ರ ಕತ್ತರಿಸಿದ 115 ಅಂಕವೇ ಸಾಕಷ್ಟು ಬೆಲೆ, ಅದರ ಮೇಲೆ ಸ್ಲೇ ಬೇಕಿಲ್ಲ. ಇದರಂತೆ ನೋಡಿದರೆ ಬಾಗಿಲಲ್ಲಿ ನಿಂತ ಮೂರನೆಯವನು ಹೊಡೆದಿದ್ದರೆ ಅದೂ ನ್ಯಾಯವೇ. ಹೊಡೆಯುವ ಮುನ್ನ ‘ಯಾಕೆ ಹೊಡೆದೆ?’ ಎಂದು ಒಮ್ಮೆ ಕೇಳಿದ್ದರೆ ಅವನು ಒಳ್ಳೆಯ ಆಟಗಾರನೂ ಹೌದು, ಏಕೆಂದರೆ ಉತ್ತರ ನಿಜವಾಗಲಿ ಸುಳ್ಳಾಗಲಿ ಅವನಿಗೊಂದು ಸುಳಿವು ಸಿಗುತ್ತಿತ್ತು.

ಹೊಸದಾಗಿ ಸರ್ವರ್ ಕಟ್ಟುವ ಗೆಳೆಯರ ಗುಂಪು ಹತ್ತು ಪುಟದ ಪಟ್ಟಿ ಬರೆಯುವ ಬದಲು ಈ ಮೂರು ಪ್ರಶ್ನೆಗಳನ್ನು ಗೋಡೆಗೆ ಅಂಟಿಸಿಕೊಂಡರೆ ಸಾಕು: ಏನು ಕಂಡೆ? ಈ ರೌಂಡಿನಲ್ಲೇ ಕಂಡೆಯಾ? ಹೇಳಲು ಹೊತ್ತಿತ್ತೇ? ಉತ್ತರ ಕೊಡಬಲ್ಲವನನ್ನು ಆಡಲು ಬಿಡಿ, ಅವನ ಊಹೆ ಎಷ್ಟೇ ತಪ್ಪಾಗಿದ್ದರೂ. ಉತ್ತರವೇ ಇಲ್ಲದವನನ್ನು ಒಂದು ರೌಂಡ್ ಹೊರಗೆ ಕೂರಿಸಿ, ಅವನು ಹೊಡೆದದ್ದು ಅಕಸ್ಮಾತ್ತಾಗಿ ದ್ರೋಹಿಗೇ ತಗುಲಿದ್ದರೂ ಸರಿ.